ಚೌತಿಗೆ ಮುನ್ನ ಎದ್ದ ಯಂತ್ರ: ಕುಮಟಾದ ಡಿಟಿಪಿ ಅಂಗಡಿಯ ಒಂದು ರಿಪೇರಿ ದಿನಚರಿ

ಮೊದಲ ದಿನ, ಸಂಜೆ

ಅಂಗಡಿ ಮುಚ್ಚುವ ಹೊತ್ತಿಗೆ ಶಟ್‌ಡೌನ್ ಒತ್ತಲು ಹೋದೆ. ಆ ಜಾಗದಲ್ಲಿ ‘ಅಪ್‌ಡೇಟ್ ಮಾಡಿ ಶಟ್‌ಡೌನ್’ ಎಂಬುದೊಂದೇ ಇತ್ತು. ಹೊರಗೆ ಜಡಿಮಳೆ, ಕೊನೆಯ ಬಸ್ಸು ಹಿಡಿಯಬೇಕು. ಒತ್ತಿ, ಯುಪಿಎಸ್ ಮೇಲೆ ಬಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ಸ್ವಿಚ್ ಹಾಕಿದರೆ ಕಪ್ಪು ಪರದೆ. ಸುತ್ತುವ ಚುಕ್ಕೆಗಳು ಒಂದು ನಿಮಿಷ ಸುತ್ತಿ ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಮೂರನೇ ಸಲಕ್ಕೆ ‘ರಿಪೇರಿ ಮಾಡುತ್ತಿದ್ದೇವೆ’ ಎಂಬ ಸಾಲು, ಆಮೇಲೆ ‘ರಿಪೇರಿ ಆಗಲಿಲ್ಲ’, ಮತ್ತೆ ಅದೇ ಚುಕ್ಕೆ. ಹಿಂದಿನ ಸ್ಥಿತಿಗೆ ಮರಳುವ ಆಯ್ಕೆ ಒತ್ತಿದರೆ ಮರಳಲು ಏನೂ ಉಳಿದಿಲ್ಲ ಎಂಬ ಉತ್ತರ. ರಾತ್ರಿ ಕರೆಂಟ್ ಹೋಗಿರಲಿಲ್ಲ. ಯುಪಿಎಸ್‌ನ ದೀಪ ಹಸಿರಾಗಿಯೇ ಇತ್ತು, ಗೋಡೆ ಗಡಿಯಾರದ ಪಕ್ಕದ ಡಿಜಿಟಲ್ ಗಡಿಯಾರವೂ ಸೊನ್ನೆಗೆ ಇಳಿದಿರಲಿಲ್ಲ. ಮೊದಲೇ ಇದನ್ನು ಬರೆದಿಡುತ್ತೇನೆ, ಏಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಅದನ್ನೇ.

ಯಂತ್ರ 2010ರಲ್ಲಿ ಕಟ್ಟಿಸಿದ್ದು. ಇಂಟೆಲ್ ಕೋರ್ 2 ಡ್ಯುಯೊ ಇ7400, 2.8 ಗಿಗಾಹರ್ಟ್ಸ್, ಜಿ31 ಚಿಪ್‌ಸೆಟ್‌ನ ಬೋರ್ಡ್, 2 ಜಿಬಿ ಡಿಡಿಆರ್2 ರ್‍ಯಾಮ್. ಹಳೆಯ ಹಾರ್ಡ್ ಡಿಸ್ಕ್ ಕೈಕೊಟ್ಟಾಗ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ದೆ. ಇದರ ಮೇಲೆ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7.0 ಇದೆ. 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿ ಅದು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಫಾಂಟುಗಳಿವೆ. ಮದುವೆ, ಉಪನಯನ, ವರ್ಷಾಂತದ ಕಾಗದಗಳು, ತೇರಿನ ಕರಪತ್ರಗಳು, ಸಹಕಾರಿ ಸಂಘಗಳ ವಾರ್ಷಿಕ ವರದಿಗಳು, ಎಲ್ಲವೂ ಅದರಲ್ಲೇ. ಅದಕ್ಕಿಂತ ಮುಖ್ಯವಾಗಿ ಹೊನ್ನಾವರದ ಕಡೆಯ ಹಿರಿಯ ಯಕ್ಷಗಾನ ಭಾಗವತರೊಬ್ಬರ ಕೈಬರಹದ ಪ್ರಸಂಗ ಪುಸ್ತಕ ಇದೆ. ಅವರು ಪಕ್ಕದಲ್ಲಿ ಕೂತು ಹಾಡಿ ತೋರಿಸುತ್ತ ನನ್ನಿಂದ ಟೈಪ್ ಮಾಡಿಸಿದ್ದರು, 180 ಪುಟ. ಅವರೀಗ ಇಲ್ಲ. ಮೂಲದ ನೋಟ್‌ಬುಕ್ಕಿಗೆ ಗೆದ್ದಲು ಹಿಡಿಯಿತು ಎಂದು ಮನೆಯವರು ಹೇಳಿದ್ದರು. ನಾನು ಸೀಡಿಗೆ ಬರೆದಿಟ್ಟಿದ್ದ ಪ್ರತಿ ತೆಗೆದು ನೋಡಿದೆ. ಬೆಳ್ಳಿ ಪದರದ ಅಂಚಿನಿಂದ ಒಳಗೆ ಬೂಷ್ಟು ಹಬ್ಬಿದೆ, ಯಾವ ಡ್ರೈವೂ ಓದಲಿಲ್ಲ. ಕರಾವಳಿಯಲ್ಲಿ ಸೀಡಿಯನ್ನು ನಂಬಿದ್ದು ನನ್ನ ತಪ್ಪು. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಎರಡನೇ ದಿನ

ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಐದು ನಿಮಿಷ ನೋಡಿ, “ಹಳೇ ಮಷಿನ್ ಮೇಡಂ, ಅಪ್‌ಡೇಟ್ ತಡೆಯೋದಿಲ್ಲ. ಫಾರ್ಮ್ಯಾಟ್ ಮಾಡಿದ್ರೂ ಮತ್ತೆ ಹೀಗೇ. ಹೊಸದು ತಗೊಳ್ಳಿ” ಎಂದರು. 36,000 ರೂಪಾಯಿಯ ಅಂದಾಜು ಪಟ್ಟಿಯನ್ನೂ ಬರೆದುಕೊಟ್ಟರು. ಹೊಸದರಲ್ಲಿ ನನ್ನ ಪೇಜ್‌ಮೇಕರ್ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಯಂತ್ರವನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ವಾಪಸ್ ತಂದೆ.

‘ಹಳೇ ಮಷಿನ್’ ಎಂಬ ಮಾತು ನನಗೆ ನಾಟಿತು. ಇಂಥದ್ದು ಹಳೆಯ ಯಂತ್ರಕ್ಕೆ ಮಾತ್ರ ಆಗುತ್ತದೆ ಎಂಬುದು ಸುಳ್ಳು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ಒಂದೇ ಒಂದು ಕೆಟ್ಟ ಕಡತ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಗಳನ್ನು ಕೆಡವಿತು. ವಿಮಾನ ನಿಲ್ದಾಣಗಳ ಗಣಕಗಳೂ ಅದರಲ್ಲಿದ್ದವು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆಂದು ಬಂದ ತೇಪೆ ಎಎಂಡಿಯ ಕೆಲವು ಹಳೆಯ ಪ್ರೊಸೆಸರುಗಳ ಯಂತ್ರಗಳನ್ನು ಬೂಟ್ ಆಗದಂತೆ ಮಾಡಿದಾಗ, ಅಂಥ ಯಂತ್ರಗಳಿಗೆ ಅದನ್ನು ಕಳಿಸುವುದನ್ನು ನಿಲ್ಲಿಸಬೇಕಾಯಿತು. ಕಳಿಸಿದವರು ತಪ್ಪಿದ್ದರು, ಯಂತ್ರ ಮುದಿಯಾದದ್ದು ಕಾರಣವಾಗಿರಲಿಲ್ಲ. ನನ್ನದರಲ್ಲಿ ಯಾರ ಸಿಸ್ಟಂ ಇತ್ತು ಎಂದು ಇಲ್ಲಿ ಬರೆಯುವುದಿಲ್ಲ. ಯಂತ್ರಾಂಶ ಸರಿಯಿದೆಯೇ ಎಂದು ನಾನೇ ಅಳೆದು ನೋಡುವುದೆಂದು ನಿರ್ಧರಿಸಿದೆ.

ಮುಚ್ಚಳ ಬಿಚ್ಚಿದೆ. ದೂಳು, ಫ್ಯಾನಿನ ಅಂಚಿಗೆ ಅಂಟಿನಂಥ ಜಿಡ್ಡು. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಮೊದಲು ನೋಡಬೇಕಾದ್ದು ರ್‍ಯಾಮಿನ ಚಿನ್ನದ ಹಲ್ಲುಗಳನ್ನು. ಉಪ್ಪಿನ ತೇವ ಅಲ್ಲಿ ಕಪ್ಪಾಗಿ ಕೂತಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ತೆಗೆದು ಕೂರಿಸಿದೆ. ಬೋರ್ಡಿನ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿಯೇ ಇದ್ದವು, ಒಂದೂ ಉಬ್ಬಿರಲಿಲ್ಲ. ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ ತಂತಿಗಳಿಗೆ ಮಲ್ಟಿಮೀಟರ್ ಹಿಡಿದೆ: 12 ವೋಲ್ಟಿನದು 11.9, 5ರದು 5.06, 3.3ರದು 3.31. ಶೇಕಡ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇರುವುದರಿಂದ ಇವೆಲ್ಲ ಸರಿ. ಬೋರ್ಡಿನ ಸಿಆರ್2032 ಬ್ಯಾಟರಿ ಬಿಲ್ಲೆ ಮಾತ್ರ 3 ವೋಲ್ಟ್ ಇರಬೇಕಾದ್ದು 2.6ಕ್ಕೆ ಇಳಿದಿತ್ತು. ದಿನಾಂಕ ಹಿಂದೆ ಹೋಗಿದ್ದಕ್ಕೆ ಅದು ಕಾರಣ, ಬೂಟ್ ಆಗದ್ದಕ್ಕಲ್ಲ. 40 ರೂಪಾಯಿ ಕೊಟ್ಟು ಬದಲಿಸಿದೆ.

ರಾತ್ರಿ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಚ್ಚಿಟ್ಟು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಸುತ್ತುಗಳೂ ಮುಗಿದಿದ್ದವು, ತಪ್ಪು ಸೊನ್ನೆ. ಆ ಸೊನ್ನೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡೆ. ಹದಿನೈದು ವರ್ಷ ದುಡಿದ ಯಂತ್ರಕ್ಕೆ ಅಷ್ಟು ಸಾಕ್ಷಿಯಾದರೂ ಇರಲಿ ಎನಿಸಿತು.

ಮೂರನೇ ದಿನ

ಮೊದಲು ಕಡತಗಳನ್ನು ಹೊರತೆಗೆಯಬೇಕು, ರಿಪೇರಿ ಆಮೇಲೆ. ಈ ಕ್ರಮ ತಪ್ಪಿಸಿದವರೇ ಹೆಚ್ಚಾಗಿ ಅಳುವುದು. ‘ಫಾರ್ಮ್ಯಾಟ್ ಮಾಡಿಕೊಡ್ತೇವೆ’ ಎಂಬ ಮಾತಿಗೆ ತಲೆ ಆಡಿಸಿದ ಕ್ಷಣವೇ ಅರ್ಧ ಹೋದಂತೆ.

ಅಣ್ಣನ ಮಗಳ ಲ್ಯಾಪ್‌ಟಾಪಿನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಬರೆದೆ. ನನ್ನ ಯಂತ್ರದಲ್ಲಿ ಅದು ಬೂಟ್ ಮೆನುವಿನಲ್ಲಿ ಕಾಣಲೇ ಇಲ್ಲ. ಒಂದು ಗಂಟೆ ಹೋಯಿತು. ಆ ಕಾಲದ ಬಯೋಸ್‌ಗಳಲ್ಲಿ (ಯಂತ್ರ ಹಚ್ಚಿದೊಡನೆ ಮೊದಲು ನಡೆಯುವ ಬೋರ್ಡಿನ ತಂತ್ರಾಂಶ) ಪೆನ್‌ಡ್ರೈವ್ ಹೆಚ್ಚಾಗಿ ‘ಯುಎಸ್‌ಬಿ’ ಎಂಬ ಹೆಸರಿನಡಿ ಬರುವುದಿಲ್ಲ, ‘ಹಾರ್ಡ್ ಡಿಸ್ಕ್ ಡ್ರೈವ್ಸ್’ ಪಟ್ಟಿಯ ಒಳಗೆ ಎರಡನೆಯದಾಗಿ ಅಡಗಿರುತ್ತದೆ. ಅದನ್ನು ಮೇಲಕ್ಕೆ ಎತ್ತಿ ಇಟ್ಟದ್ದೇ ಮಿಂಟ್ ಎದ್ದು ಬಂತು. ಡಿಸ್ಕಿಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಈ ಅನುಕೂಲಕ್ಕೆ ಎಷ್ಟು ಬಾರಿ ಕೈಮುಗಿದರೂ ಸಾಲದು.

ಎಸ್‌ಎಸ್‌ಡಿ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ‘ಸ್ಮಾರ್ಟ್’ ವಿವರ ನೋಡಿದೆ. ಕೆಟ್ಟು ಬದಲಿಯಾದ ಭಾಗಗಳು ಸೊನ್ನೆ. ಡಿಸ್ಕೂ ಆರೋಗ್ಯವಾಗಿದೆ. ಹಾಗಾದರೆ ಉಳಿದದ್ದು ಬಂದು ಕೂತ ಅಪ್‌ಡೇಟ್ ಒಂದೇ.

ಡಿಸ್ಕಿನ ಪೂರ್ತಿ ನಕಲಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬೇಕು. ಮೊಬೈಲನ್ನು ತಂತಿಯಲ್ಲಿ ಜೋಡಿಸಿ ಅದರ ನೆಟ್‌ನಿಂದ ‘ಜಿಡಿಡಿರೆಸ್ಕ್ಯೂ’ ಎಂಬ ಪ್ಯಾಕೇಜ್ ಹಾಕಿಕೊಂಡೆ. ಹೊರಗಿನ 1 ಟಿಬಿ ಡಿಸ್ಕ್ ಜೋಡಿಸಿದೆ. ಮೊದಲ ಪ್ರಯತ್ನ 4 ಜಿಬಿಗೆ ಬಂದು ನಿಂತಿತು. ಆ ಡಿಸ್ಕಿನಲ್ಲಿ ಕಡತ ಜೋಡಿಸುವ ಹಳೆಯ ಪದ್ಧತಿ ಎಫ್‌ಎಟಿ32 ಇತ್ತು, ಅದರಲ್ಲಿ ಒಂದು ಕಡತ 4 ಜಿಬಿಗಿಂತ ದೊಡ್ಡದಿರಲು ಸಾಧ್ಯವಿಲ್ಲ. ಅದರಲ್ಲಿದ್ದ ಫೋಟೊಗಳನ್ನು ಲ್ಯಾಪ್‌ಟಾಪಿಗೆ ಸರಿಸಿ, ಡಿಸ್ಕನ್ನು ಲಿನಕ್ಸಿನ ಎಕ್ಸ್ಟ್4 ಪದ್ಧತಿಗೆ ಫಾರ್ಮ್ಯಾಟ್ ಮಾಡಿ ಮತ್ತೆ ಶುರು ಮಾಡಿದೆ. ಯುಎಸ್‌ಬಿ 2.0 ಆದ್ದರಿಂದ ಸೆಕೆಂಡಿಗೆ ಸುಮಾರು 30 ಎಂಬಿ. 240 ಜಿಬಿಗೆ ಎರಡೂಕಾಲು ಗಂಟೆ ಎಂದು ಲೆಕ್ಕ ಹಾಕಿ ಚಹಾ ಮಾಡಿಕೊಂಡು ಕೂತೆ.

ಒಂದೂವರೆ ಗಂಟೆಗೆ ಗುಡುಗಿನ ಜೊತೆ ಕರೆಂಟ್ ಹೋಯಿತು. ಯುಪಿಎಸ್ ಹದಿನೈದು ನಿಮಿಷ ಹಿಡಿದು ಕೂಗಲು ಶುರುಮಾಡಿತು. ನಕಲು ನಿಲ್ಲಿಸಿ ಯಂತ್ರ ಆರಿಸಿದೆ. ರಾತ್ರಿಯವರೆಗೂ ಕರೆಂಟ್ ಬರಲಿಲ್ಲ.

ನಾಲ್ಕನೇ ದಿನ

ಇಡೀ ದಿನ ಮಳೆ. ಕರೆಂಟ್ ಇಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಗಣೇಶೋತ್ಸವ ಸಮಿತಿಯ ಇಬ್ಬರು ಬಂದು, “ರಸೀದಿ ಪುಸ್ತಕ ಯಾವಾಗ ಸಿಗ್ತದೆ ಅಕ್ಕಾ? ಚಂದಾ ಎತ್ತೂಕೆ ಹೊರಡ್ಬೇಕು” ಎಂದು ಕೇಳಿಹೋದರು. ಚೌತಿಗೆ ಹದಿನೆಂಟು ದಿನ ಉಳಿದಿತ್ತು.

ಐದನೇ ದಿನ

ಡಿಡಿರೆಸ್ಕ್ಯೂದ ಗುಣ ಗೊತ್ತಾದದ್ದು ಇವತ್ತು. ಎಲ್ಲಿಯವರೆಗೆ ನಕಲಾಗಿದೆ ಎಂಬುದನ್ನು ಅದು ಒಂದು ನಕ್ಷೆ ಕಡತದಲ್ಲಿ ಬರೆದುಕೊಳ್ಳುತ್ತದೆ. ಆ ನಕ್ಷೆಯನ್ನು ಹೊರಗಿನ ಡಿಸ್ಕಿನಲ್ಲೇ ಇಟ್ಟಿದ್ದೆ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟಾಗ ನಿಂತಲ್ಲಿಂದ ಮುಂದುವರಿಯಿತು. ಮಧ್ಯಾಹ್ನದ ಹೊತ್ತಿಗೆ ನಕಲು ಪೂರ್ತಿ, ಓದಲಾಗದ ಭಾಗ ಸೊನ್ನೆ. ಭಾಗವತರ ಕಡತ ತನ್ನ ಹೆಸರು, ತನ್ನ ದಿನಾಂಕದೊಂದಿಗೆ ಅಲ್ಲೇ ಇತ್ತು. ಆ ಸಾಲನ್ನು ನೋಡಿದ ಮೇಲೆ ಕೈನಡುಕ ನಿಂತಿತು.

ಈಗ ಕಾರಣ ಹುಡುಕುವ ಕೆಲಸ. ನಕಲನ್ನು ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿ ವಿಭಾಗಗಳನ್ನು ನೋಡಿದೆ. ಡಿಸ್ಕಿನ ಮೊದಲಿಗೆ ಬೂಟ್ ಕಡತಗಳಿಗೆಂದೇ 100 ಎಂಬಿಯ ಪುಟ್ಟ ವಿಭಾಗ ಇದೆ. ಸಿಸ್ಟಂ ಹಾಕಿದ ದಿನ ಅದೇ ತಾನಾಗಿ ಮಾಡಿಕೊಂಡದ್ದು, ನನ್ನನ್ನು ಕೇಳಿ ಮಾಡಿದ್ದಲ್ಲ. ಆ ವಿಭಾಗ ಪೂರ್ತಿ ತುಂಬಿದೆ. ಅಪ್‌ಡೇಟ್ ಆದ ರಾತ್ರಿಯ ದಿನಾಂಕದ ಒಂದು ಕಡತದ ಗಾತ್ರ ಸೊನ್ನೆ ಬೈಟ್. ಹೊಸದನ್ನು ಬರೆಯಲು ಜಾಗ ಸಿಗದೆ, ಬರೆದಂತೆ ಲೆಕ್ಕ ಹಾಕಿ, ಹಳೆಯದನ್ನು ಬದಿಗೆ ಸರಿಸಿ ಮುಂದಕ್ಕೆ ಹೋಗಿದೆ.

ಇಲ್ಲೇ ನನಗೆ ಸಿಟ್ಟು ಬಂದದ್ದು. ಜಾಗ ಇದೆಯೇ ಎಂದು ಮೊದಲು ನೋಡಬೇಕು, ಬರೆದದ್ದು ಸರಿಯಾಗಿ ಕೂತಿತೇ ಎಂದು ಆಮೇಲೆ ನೋಡಬೇಕು, ಅದಾದ ಮೇಲೆಯೇ ಹಳೆಯದಕ್ಕೆ ಕೈಹಾಕಬೇಕು. ನಾನು ಮದುವೆ ಕಾಗದದ ಪ್ರೂಫ್ ತಿದ್ದುವಾಗಲೂ ಹಳೆಯ ಹಾಳೆಯನ್ನು ಹೊಸದು ಬರುವವರೆಗೆ ಹರಿಯುವುದಿಲ್ಲ. ಅಪ್‌ಡೇಟ್ ಬೇಡ ಎನ್ನುವವಳಲ್ಲ ನಾನು. ಭದ್ರತೆಯ ತೂತುಗಳು ನಿಜ, ಮುಚ್ಚಲೇಬೇಕು. ಆದರೆ ‘ಬೇಡ, ಇವತ್ತಲ್ಲ’ ಎನ್ನುವ ಗುಂಡಿ ಮತ್ತು ವಾಪಸ್ ಬರುವ ದಾರಿ, ಇವೆರಡನ್ನೂ ಮುಚ್ಚಿ ಒಬ್ಬರ ಹೊಟ್ಟೆಪಾಡಿನ ಯಂತ್ರದೊಳಗೆ ರಾತ್ರೋರಾತ್ರಿ ಕೈಯಾಡಿಸುವುದು ಸರಿಯಲ್ಲ.

ಆ ವಿಭಾಗದಿಂದ ಬೇಡದ ಭಾಷೆಗಳ ಕಡತಗಳನ್ನು ತೆಗೆದು ಜಾಗ ಮಾಡಿ, ಬದಿಗೆ ಸರಿದಿದ್ದ ಹಳೆಯ ಕಡತವನ್ನು ಅದರ ಜಾಗಕ್ಕೆ ತಂದೆ. ನಕಲಿನಲ್ಲಲ್ಲ, ಈಗ ಮೂಲ ಎಸ್‌ಎಸ್‌ಡಿಯಲ್ಲೇ. ಪೆನ್‌ಡ್ರೈವ್ ತೆಗೆದು ಸ್ವಿಚ್ ಹಾಕಿದೆ. ಚುಕ್ಕೆ ಸುತ್ತಿತು, ಸುತ್ತಿತು, ನನ್ನ ಡೆಸ್ಕ್‌ಟಾಪ್ ಬಂತು. ಪಕ್ಕದ ಹೊಲಿಗೆ ಅಂಗಡಿಯವಳನ್ನು ಕರೆದು ತೋರಿಸಿದೆ.

ಆರನೇ ದಿನ

ಬೆಳಿಗ್ಗೆ ಮತ್ತೆ ಕಪ್ಪು ಪರದೆ. ನೆಟ್ ತಂತಿ ತೆಗೆಯುವುದು ಮರೆತಿದ್ದೆ. ನಾನು ಮೂರು ಬಿಲ್ ಟೈಪ್ ಮಾಡುವಷ್ಟರಲ್ಲಿ ಅದು ಅದೇ ಅಪ್‌ಡೇಟನ್ನು ಮತ್ತೆ ಇಳಿಸಿಕೊಂಡಿತ್ತು, ಶಟ್‌ಡೌನ್ ಮಾಡುವಾಗ ಅದೇ ಕೆಲಸವನ್ನು ಮತ್ತೆ ಮಾಡಿತ್ತು.

ಹಾಗಾಗಿ ಇನ್ನು ಮುಂದೆ ನೆಟ್ ಇರುವ ಯಂತ್ರದಲ್ಲಿ ಆ ಸಿಸ್ಟಂ ಇಡುವುದಿಲ್ಲ ಎಂದು ತೀರ್ಮಾನಿಸಿದೆ. ಹಳೆಯ ಎಸ್‌ಎಸ್‌ಡಿ ಬಿಚ್ಚಿ, ಸುಣ್ಣದ ಡಬ್ಬಿಯಂಥ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಟ್ಟೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರಿಸಿದ್ದು: ಹೊಸ ಎಸ್‌ಎಸ್‌ಡಿ 1,700 ರೂಪಾಯಿ, ಬಳಸಿದ 2 ಜಿಬಿಯ ಎರಡು ಡಿಡಿಆರ್2 ಕಡ್ಡಿ ಸೇರಿ 800. ಜಿ31 ಬೋರ್ಡ್ 4 ಜಿಬಿಗಿಂತ ಹೆಚ್ಚು ತಗೊಳ್ಳುವುದಿಲ್ಲ. ಬಿಲ್ಲೆಯೂ ಸೇರಿ ಒಟ್ಟು ಖರ್ಚು 2,540.

ಎಂಟರಿಂದ ಹತ್ತು

ಮಿಂಟ್ ಹಾಕಲು ಅರ್ಧ ಗಂಟೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. 2029ರವರೆಗೆ ಅದಕ್ಕೆ ಭದ್ರತಾ ಅಪ್‌ಡೇಟ್ ಬರುತ್ತದೆ, ಬಂದಾಗ ಪಟ್ಟಿ ತೋರಿಸಿ ಕೇಳುತ್ತದೆ. ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಅದರಲ್ಲೇ ಇದೆ. ಅಪ್‌ಡೇಟಿಗೆ ಮುನ್ನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವಂತೆ ಹೊಂದಿಸಿದೆ, ಹೊಂದಿಸಿದ ದಿನವೇ ಒಮ್ಮೆ ಹಿಂದಕ್ಕೆ ಹೋಗಿಯೂ ನೋಡಿದೆ. ಬಂತು.

ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. ಅದರ ಒಳಗಿನ ತಂತ್ರಾಂಶ ಅದರ ಹೊಟ್ಟೆಯಲ್ಲಿ ಉಳಿಯುವುದಿಲ್ಲ, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಗಣಕವೇ ಕಳಿಸಿಕೊಡಬೇಕು. ಅದಕ್ಕಾಗಿ ಲಿನಕ್ಸಿಗೆ ಎಚ್‌ಪಿ ಕೊಡುವ ಪ್ರಿಂಟರ್ ತಂತ್ರಾಂಶ ಎಚ್‌ಪಿಲಿಪ್‌ನ ಜೊತೆಗೆ ಪ್ಲಗಿನ್ ಒಂದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ‘ಲಿನಕ್ಸಿನಲ್ಲಿ 1020 ನಡೆಯೋದಿಲ್ಲ’ ಎನ್ನುವವರು ತುಂಬ ಜನ. ನಡೆಯುತ್ತದೆ.

ನಿಜವಾದ ಕೆಲಸ ಇದ್ದದ್ದು ಅಕ್ಷರಗಳಲ್ಲಿ. ಡಿಟಿಪಿಯವರಲ್ಲದವರಿಗೆ ಎರಡು ಮಾತು: ಹಳೆಯ ನುಡಿ ಕಡತದೊಳಗೆ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಇರುತ್ತವೆ, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿಸುತ್ತದೆ. ದೊಡ್ಡ ‘ಪಿ’ಯ ಜಾಗದಲ್ಲಿ ಕಕಾರದ ಬುಡ, ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಬುಡ, ತಲೆಕಟ್ಟಿಗೆ ಬೇರೆಯದೇ ಒಂದು ಚಿಹ್ನೆ. ಫಾಂಟ್ ಹೋದರೆ ಬರಹ ಕಸವಾಗುತ್ತದೆ. ಆದ್ದರಿಂದ ನಕಲಿನಿಂದ ನುಡಿಯ ಎಲ್ಲ ಫಾಂಟುಗಳನ್ನೂ ಹೊರತೆಗೆದು ನನ್ನ ಮನೆ ಕಡತಕೋಶದ ‘ಫಾಂಟ್ಸ್’ಗೆ ಹಾಕಿ, ಫಾಂಟ್ ಕ್ಯಾಶ್ ಹೊಸದು ಮಾಡಿಸಿದೆ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಹಳೆಯ ವರ್ಡ್ ಕಡತ ತೆರೆದೆ. ಕಳೆದ ವರ್ಷದ ರಸೀದಿ ಕನ್ನಡದಲ್ಲೇ ಎದ್ದು ನಿಂತಿತು.

‘ರಸೀದಿ’ ಪದದ ಮುಂದೆ ಸಂಖ್ಯೆ ಹಾಕಲು ಸ್ಪೇಸ್ ಒತ್ತಿದ್ದೇ ‘ರ’ ಹೋಗಿ ‘ಉ’ ಆಯಿತು, ಪಕ್ಕದಲ್ಲಿ ಒಂಟಿ ತಲೆಕಟ್ಟು ನೇತಾಡುತ್ತಿತ್ತು. ನಾಲ್ಕು ಸಲ ತಿದ್ದಿದೆ, ನಾಲ್ಕು ಸಲವೂ ‘ಉಸೀದಿ’. ಆಮೇಲೆ ಹೊಳೆಯಿತು. ನುಡಿಯಲ್ಲಿ ರಕಾರ ಕೂತಿರುವುದು ಚಿಕ್ಕ ‘ಜಿ’ಯಲ್ಲಿ, ಉಕಾರ ದೊಡ್ಡ ‘ಜಿ’ಯಲ್ಲಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಇಂಗ್ಲಿಷಿನ ತಿದ್ದುಪಡಿ ನನ್ನ ಕನ್ನಡವನ್ನು ತಿದ್ದುತ್ತಿದೆ. ಆಟೋಕರೆಕ್ಟಿನ ಎಲ್ಲ ಗುರುತುಗಳನ್ನೂ ತೆಗೆದೆ. ಹಳೆಯ ಆಸ್ಕಿ ಕಡತ ತೆರೆಯುವ ಯಾರೇ ಆಗಲಿ ಮೊದಲು ಮಾಡಬೇಕಾದ ಕೆಲಸ ಇದು.

ಹೊಸ ಕೆಲಸವನ್ನೆಲ್ಲ ಇನ್ನು ಯೂನಿಕೋಡಿನಲ್ಲೇ, ಅಂದರೆ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಪದ್ಧತಿಯಲ್ಲೇ, ಮಾಡುವುದು. ಕೀಲಿಮಣೆಯ ಭಯ ಇತ್ತು, ಅದು ಬೇಕಿರಲಿಲ್ಲ. ನುಡಿಯಲ್ಲಿ ಬಳಸುತ್ತಿದ್ದ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿ ಜೋಡಣೆಯೇ ಲಿನಕ್ಸಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಬೆರಳುಗಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ.

ರಸೀದಿ ಪುಸ್ತಕದ ಪುಟವನ್ನು ಟ್ರೇಸಿಂಗ್ ಹಾಳೆಯ ಮೇಲೆ ತೆಗೆದು ಹತ್ತನೇ ದಿನ ಸಂಜೆ ಆಫ್‌ಸೆಟ್ ಪ್ರೆಸ್ಸಿಗೆ ಕೊಟ್ಟೆ.

ಹನ್ನೊಂದನೇ ದಿನ ಮತ್ತು ಆಮೇಲೆ

ಭಾಗವತರ ಕಡತ ಪೇಜ್‌ಮೇಕರಿನದು. ಲಿಬ್ರೆಆಫೀಸ್ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತದೆ, ಇದು ಎಷ್ಟೋ ಜನರಿಗೆ ತಿಳಿದಿಲ್ಲ. ಆದರೆ ಪದ್ಯಗಳ ಸಾಲು ಒಂದರ ಮೇಲೊಂದು ಬಿದ್ದು, ರಾಗತಾಳದ ಹೆಸರುಗಳು ಅಂಚಿನಿಂದ ಹೊರಗೆ ಹೋದವು. ಕರಪತ್ರಕ್ಕಾದರೆ ಸಾಕಿತ್ತು, ಇದಕ್ಕೆ ಸಾಲದು.

ಡಬ್ಬಿಯಲ್ಲಿಟ್ಟಿದ್ದ ಹಳೆಯ ಎಸ್‌ಎಸ್‌ಡಿ ತೆಗೆದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಐದನೇ ದಿನ ಮಾಡಿದ್ದನ್ನೇ ಮಾಡಿದೆ. ಜೊತೆಗೆ ಇಳಿಸಿಟ್ಟುಕೊಂಡಿದ್ದ ಅಪ್‌ಡೇಟಿನ ಕಡತಗಳನ್ನೂ ಅಳಿಸಿದೆ. ನೆಟ್ ತಂತಿಯನ್ನು ಗೋಡೆಯ ಹತ್ತಿರವೇ ಬಿಚ್ಚಿ ಸುತ್ತಿ ಕಟ್ಟಿದೆ, ಬಯೋಸಿನಲ್ಲಿ ಬೋರ್ಡಿನ ನೆಟ್‌ವರ್ಕ್ ಚಿಪ್ಪನ್ನೂ ಆಫ್ ಮಾಡಿದೆ. ಎದ್ದಿತು. ಆರಿಸಿ ಹಚ್ಚಿ ಮೂರು ಸಲ ನೋಡಿದೆ, ಮೂರು ಸಲವೂ ಎದ್ದಿತು. ಪೇಜ್‌ಮೇಕರ್ ತೆರೆದು 180 ಪುಟವನ್ನೂ ಪಿಡಿಎಫ್ ಮಾಡಿದೆ, ಬರಹವನ್ನು ಬೇರೆಯಾಗಿ ಹೊರತೆಗೆದೆ. ಈಗ ಯಂತ್ರದ ಮುಚ್ಚಳ ಒಂದು ಸ್ಕ್ರೂ ಮೇಲೆ ನಿಂತಿದೆ. ಪೇಜ್‌ಮೇಕರ್ ಬೇಕಾದ ದಿನ ಸಾಟಾ ತಂತಿ ಈ ಡಿಸ್ಕಿಗೆ, ಉಳಿದ ದಿನ ಮಿಂಟ್ ಡಿಸ್ಕಿಗೆ. ಹೊರಗಿನ ಪೆನ್‌ಡ್ರೈವ್‌ಗಳನ್ನು ಹಳೆಯದಕ್ಕೆ ಚುಚ್ಚುವುದಿಲ್ಲ, ಗಿರಾಕಿಗಳದನ್ನು ಮಿಂಟಿನಲ್ಲೇ ತೆರೆಯುತ್ತೇನೆ.

ಹೊರತೆಗೆದ ಬರಹವನ್ನು ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವಾಗ ಎಚ್ಚರ ಬೇಕು. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ಆ ತಪ್ಪು ರೂಪ ಎಷ್ಟು ಕಡೆ ಅಚ್ಚಾಗಿದೆ ಎಂದು ಕನ್ನಡ ಓದುವವರಿಗೆಲ್ಲ ಗೊತ್ತು. ಇಂಗ್ಲಿಷ್ ಫಾಂಟಿನಲ್ಲಿದ್ದ ಪುಟಸಂಖ್ಯೆ, ಫೋನ್ ನಂಬರುಗಳ ಸಾಲನ್ನು ಬೇರೆ ಮಾಡದೆ ಒಟ್ಟಿಗೆ ಹಾಕಿದರೆ ಅವೂ ಕನ್ನಡದ ಕಸವಾಗುತ್ತವೆ. ಎರಡು ಪರಿವರ್ತಕಗಳನ್ನು ನೋಡಿ, ‘ಧರ್ಮ’, ‘ಸೂರ್ಯ’, ‘ಕೀರ್ತಿ’ ಮೂರೂ ಸರಿಯಾಗಿ ಬಂದದ್ದನ್ನು ಆರಿಸಿಕೊಂಡೆ.

ಪಿಡಿಎಫ್ ಎಡಕ್ಕೆ, ಯೂನಿಕೋಡ್ ಬಲಕ್ಕೆ ಇಟ್ಟು ದಿನಾ ಒಂದಷ್ಟು ಪುಟ ತಾಳೆ ನೋಡುತ್ತಿದ್ದೇನೆ. ಕೆಲವು ಪದ್ಯ ಬಂದಾಗ ಭಾಗವತರು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದುದು ಕೇಳಿದಂತಾಗುತ್ತದೆ. ಇವತ್ತಿಗೆ 112ನೇ ಪುಟ. 61ರಲ್ಲಿ ಭೈರವಿ ರಾಗದ ಪದ್ಯವೊಂದಕ್ಕೆ ತಾಳದ ಹೆಸರು ಇಲ್ಲ, ಅಂದು ಟೈಪ್ ಮಾಡುವಾಗಲೇ ನನ್ನ ಕೈಯಿಂದ ಬಿಟ್ಟುಹೋಗಿದೆ. ಝಂಪೆಯೋ ತ್ರಿವುಡೆಯೋ ಎಂದು ಅವರ ಮಗನನ್ನು ಕೇಳಬೇಕು. ಚೌತಿ ಮುಗಿದ ಮೇಲೆ ಹೊನ್ನಾವರಕ್ಕೆ ಹೋಗುತ್ತೇನೆ.